ಹೊಲ ಕಾದ ನಾಯಿ ಮುದಿಯಾದಾಗ

ಎತ್ತು ಮುದಿಯಾದರೆ, ಕುರಿ ಗೊಡ್ಡು ಬಿದ್ದರೆ ಏನು ಮಾಡಬೇಕು ಅಂತ ಹೇಳುವವರು ಊರಲ್ಲಿ ಹತ್ತು ಜನ ಸಿಗುತ್ತಾರೆ. ಹೊಲ ಕಾದ ನಾಯಿ ಮುದಿಯಾದರೆ ಏನು ಮಾಡಬೇಕು ಅಂತ ಹೇಳುವವರು ಇಲ್ಲ. ಹೆಚ್ಚಿನ ಕಡೆ ಮೂರರಲ್ಲಿ ಒಂದು ಆಗುತ್ತದೆ. ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಸಂತೆ ಊರಲ್ಲಿ ಬಿಟ್ಟು ಬರುವುದು. ಅನ್ನದಲ್ಲಿ ಬೆಳೆಗೆ ಹೊಡೆಯುವ ಔಷಧಿ ಕಲಸಿ ಇಡುವುದು. ಇಲ್ಲದಿದ್ದರೆ ಕಣದ ಮೂಲೆಯಲ್ಲಿ ಹುಳ ಬಿದ್ದು ನರಳಿ ತಾನೇ ಸಾಯಲಿ ಅಂತ ಬಿಡುವುದು. ಮೂರೂ ಸರಿಯಲ್ಲ. ನಾಲ್ಕನೆಯ ದಾರಿ ಒಂದಿದೆ. ನಮ್ಮ ಕೆಂಚನ ವಿಷಯದಲ್ಲಿ 2024ರಲ್ಲಿ ನಾವು ಮಾಡಿದ್ದನ್ನೂ ಪಶುವೈದ್ಯರಿಂದ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ. ನಾಯಿ ಸಾಕಿದ ರೈತರಿಗೆ ಉಪಯೋಗಕ್ಕೆ ಬಂದೀತು.

ನಮ್ಮದು ಚಳ್ಳಕೆರೆ ಕಡೆಯ ಮಳೆ ಆಧಾರದ ಹೊಲ. ಶೇಂಗಾ, ತೊಗರಿ, ಒಂದಿಷ್ಟು ಸಜ್ಜೆ. ಜೊತೆಗೆ ಹದಿನೈದು ಇಪ್ಪತ್ತು ಕುರಿ. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಬರುತ್ತವೆ. ಒಂದು ರಾತ್ರಿ ಹಿಂಡು ನುಗ್ಗಿತು ಅಂದರೆ ಬೆಳಿಗ್ಗೆ ನೋಡಿದಾಗ ನೇಗಿಲು ಹೊಡೆದ ಹಾಗೆ ಇರುತ್ತದೆ. ನಮ್ಮಂಥವರಿಗೆ ಸುತ್ತ ತಂತಿ ಬೇಲಿ ಹಾಕಿಸುವ ಶಕ್ತಿ ಎಲ್ಲಿ ಬರಬೇಕು? 2012ರಲ್ಲಿ ಮರಿಯಾಗಿ ಬಂದ ಕೆಂಚ ಹನ್ನೆರಡು ವರ್ಷ ಬೇಲಿಯ ಕೆಲಸ ಮಾಡಿತು. ಜಾತಿ ನಾಯಿ ಅಲ್ಲ, ಊರ ನಾಯಿಯೇ.

ಹಂದಿಗೂ ನಾಯಿಗೂ ಇರುವ ಈ ಲೆಕ್ಕ ಇವತ್ತಿನದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949ರ ಸುಮಾರಿನ ಕಲ್ಲುಶಾಸನ ಒಂದಿದೆ. ಯುದ್ಧದಲ್ಲಿ ಮೆರೆದ ಮಣಲೇರ ಅನ್ನುವ ವೀರ ಗಂಗರ ಬೂತುಗನಲ್ಲಿ ಕಾಳಿ ಅನ್ನುವ ಬೇಟೆ ನಾಯಿಯನ್ನು ಕೇಳಿ ಪಡೆದನಂತೆ. ಆ ನಾಯಿ ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲರೂ ಕಲ್ಲು ನಿಲ್ಲಿಸಬೇಕು ಅಂತ ನಾನು ಹೇಳುವುದಿಲ್ಲ. ಕೊನೆಗಾಲದಲ್ಲಿ ಸಂತೆಗೆ ಬಿಟ್ಟು ಬರಬಾರದು ಅಂತ ಮಾತ್ರ ಹೇಳುತ್ತೇನೆ.

ಕೊನೆ ಅಂತ ಕಾಣುವುದೆಲ್ಲ ಕೊನೆಯಲ್ಲ

ಮೊದಲು ತಿಳಿಯಬೇಕಾದ್ದು ಇದು. ಹಳ್ಳಿಯಲ್ಲಿ ಎಷ್ಟೋ ನಾಯಿಗಳನ್ನು ವಾಸಿಯಾಗುವ ರೋಗಕ್ಕೇ ಕೈ ಬಿಡುತ್ತಾರೆ.

ಒಂಬತ್ತನೆಯ ವರ್ಷದಲ್ಲಿ ಕೆಂಚ ಅನ್ನ ಬಿಟ್ಟು ಮಲಗಿತು. ಮೂಗಿನಲ್ಲಿ ರಕ್ತ, ಒಸಡು ಬಿಳಿಚಿಕೊಂಡಿತ್ತು. ಇನ್ನು ಮುಗೀತು ಅಂತ ನೋಡಿದವರೆಲ್ಲ ಹೇಳಿದರು. ಪಶುವೈದ್ಯರು ಅದು ಉಣ್ಣೆ ಜ್ವರ ಅಂದರು. ಉಣ್ಣೆ ಕಚ್ಚಿ ರಕ್ತಕ್ಕೆ ಸೇರುವ ರೋಗ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಅವರು ಹೇಳಿದ ಲೆಕ್ಕದಲ್ಲಿ ನಾಲ್ಕು ವಾರ ಕೊಟ್ಟೆವು. ಎದ್ದು ಓಡಾಡಿತು, ಮತ್ತೆ ಮೂರು ವರ್ಷ ಹೊಲ ಕಾಯಿತು.

ಮರ್ಮಾಂಗದಲ್ಲಿ ಹೂಕೋಸಿನ ಹಾಗೆ ಗಡ್ಡೆ ಬೆಳೆದು ರಕ್ತ ಸೋರುವ ರೋಗ ಇನ್ನೊಂದು. ಒಂದು ನಾಯಿಯಿಂದ ಒಂದಕ್ಕೆ ಕೂಡುವಾಗ ಹರಡುತ್ತದೆ. ನೋಡಿದರೆ ಹೇಸಿಗೆ ಆಗುತ್ತದೆ, ಆದರೆ ವಾರಕ್ಕೆ ಒಂದರಂತೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೆಲವು ವಾರ ಕೊಟ್ಟರೆ ಹೆಚ್ಚಿನವು ಗುಣವಾಗುತ್ತವೆ. ಹುಳ ಬಿದ್ದ ಗಾಯವೂ ಹಾಗೆಯೇ. ಹುಳ ತೆಗೆದು ತೊಳೆದು ಔಷಧಿ ಹಾಕಿದರೆ ಮಾಯುತ್ತದೆ. ಹಲ್ಲು ಕೊಳೆತು ಅನ್ನ ಬಿಟ್ಟ ನಾಯಿಗೆ ಹಲ್ಲು ಕೀಳಿಸಿದರೆ ಗಂಜಿ ಕುಡಿದು ಚೇತರಿಸಿಕೊಳ್ಳುತ್ತದೆ. ವಯಸ್ಸಾದ ಹೆಣ್ಣು ನಾಯಿ ಬೆದೆ ಮುಗಿದ ಕೆಲವು ವಾರಕ್ಕೆ ಬಹಳ ನೀರು ಕುಡಿದು, ಅನ್ನ ಬಿಟ್ಟು, ಹೊಟ್ಟೆ ಉಬ್ಬಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದಕ್ಕೆ ತಡ ಮಾಡದೆ ಆಪರೇಷನ್ ಆಗಬೇಕು.

ಹಾಗಾಗಿ ವಯಸ್ಸು ನೋಡಿ ತೀರ್ಮಾನ ಮಾಡಬೇಡಿ. ಕಣ್ಣು ಪೊರೆ ಬಂದ, ಕಿವಿ ಕೇಳದ ನಾಯಿ ಮನೆ ಅಂಗಳದಲ್ಲಿ ಮೂಸಿಕೊಂಡೇ ಸುಖವಾಗಿ ಇರುತ್ತದೆ. ರೋಗ ಯಾವುದು, ಅದಕ್ಕೆ ಮದ್ದು ಇದೆಯೋ ಇಲ್ಲವೋ ಅನ್ನುವುದನ್ನು ವೈದ್ಯರ ಬಾಯಿಂದಲೇ ಕೇಳಬೇಕು.

ಸುಣ್ಣದ ಗೆರೆ, ಇದ್ದಲ ಗೆರೆ

2023ರ ಹಿಂಗಾರಿನ ಹೊತ್ತಿಗೆ ಕೆಂಚನ ಹಿಂಗಾಲು ಸೋಲತೊಡಗಿತು. ಹಂದಿ ಸದ್ದಾದರೆ ಕೂತಲ್ಲಿಂದಲೇ ಬೊಗಳುತ್ತಿತ್ತು. ಜೊತೆಗೆ ನೀರು ಬಹಳ ಕುಡಿಯುವುದು, ಬಹಳ ಉಚ್ಚೆ, ಬಾಯಿ ವಾಸನೆ, ಮೈ ಇಳಿಯುತ್ತಾ ಹೋಯಿತು. ರಕ್ತ ಪರೀಕ್ಷೆ ಮಾಡಿಸಿದೆವು. ಮೂತ್ರಪಿಂಡ ಕೆಟ್ಟಿದೆ, ಸರಿ ಮಾಡಲಿಕ್ಕೆ ಆಗುವುದಿಲ್ಲ, ಇರುವಷ್ಟು ದಿನ ಚೆನ್ನಾಗಿ ಇಡಬಹುದು ಅಂತ ವೈದ್ಯರು ಹೇಳಿದರು.

ಯಾವಾಗ ಸಾಕು ಅನ್ನಬೇಕು ಅಂತ ಕೇಳಿದೆ. ಅಮೆರಿಕದ ಆಲಿಸ್ ವಿಲ್ಲಾಲೊಬೊಸ್ ಅನ್ನುವ ಪಶುವೈದ್ಯೆ ಇದಕ್ಕೆ ಒಂದು ಅಳತೆ ಮಾಡಿದ್ದಾರೆ ಅಂದರು. ನೋವು, ಹಸಿವು, ನೀರು, ಚೊಕ್ಕಟ, ಗೆಲುವು, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಹೆಚ್ಚಿದೆಯೋ ಇಲ್ಲವೋ, ಹೀಗೆ ಏಳು ವಿಷಯ. ಒಂದೊಂದಕ್ಕೆ ಹತ್ತು ಅಂಕ. ಒಟ್ಟು 70ರಲ್ಲಿ 35ಕ್ಕಿಂತ ಮೇಲೆ ಇದ್ದರೆ ಇನ್ನೂ ಸಾಕಬಹುದು ಅಂತ ಲೆಕ್ಕ.

ಏಳನೇ ಕ್ಲಾಸು ಓದಿದ ನನಗೆ ದಿನಾ ಅಂಕ ಹಾಕುವುದು ಒಗ್ಗಲಿಲ್ಲ. ಅದನ್ನೇ ನಮ್ಮ ರೀತಿಗೆ ಮಾಡಿಕೊಂಡೆ. ದಿನಾ ದೀಪ ಹಚ್ಚುವ ಹೊತ್ತಿಗೆ ಐದು ಪ್ರಶ್ನೆ. ತಾನೇ ಎದ್ದು ನಿಂತಿತೇ? ಹೊಟ್ಟೆಗೆ ತಿಂದಿತೇ, ತಿಂದದ್ದು ಉಳಿಯಿತೇ? ತನ್ನ ಹೇಲು ಉಚ್ಚೆಯಿಂದ ಆಚೆ ಸರಿಯಿತೇ? ಏದುಸಿರು, ನಡುಕ, ನರಳಾಟ ಇಲ್ಲದೆ ಮಲಗಿತೇ? ನಮ್ಮ ದನಿಗೆ ಬಾಲ ಆಡಿಸಿತೇ? ಮೂರಕ್ಕೆ ಹೌದು ಅಂದರೆ ಕುರಿ ದೊಡ್ಡಿ ಗೋಡೆ ಮೇಲೆ ಸುಣ್ಣದ ಗೆರೆ. ಇಲ್ಲದಿದ್ದರೆ ಇದ್ದಲ ಗೆರೆ. ಒಂದು ವಾರದಲ್ಲಿ ಇದ್ದಲ ಗೆರೆ ಹೆಚ್ಚಾದರೆ ವೈದ್ಯರಿಗೆ ಹೇಳುವುದು ಅಂತ ಮೊದಲೇ ಮನೆಯಲ್ಲಿ ಮಾತಾಡಿಕೊಂಡೆವು.

ಮೊದಲೇ ಮಾತಾಡಿಕೊಳ್ಳುವುದು ಮುಖ್ಯ. ದಿನಾ ನೋಡುವ ಕಣ್ಣಿಗೆ ಇಳಿಮುಖ ತಿಳಿಯುವುದಿಲ್ಲ. ಒಂದು ದಿನ ಚೂರು ರೊಟ್ಟಿ ತಿಂದರೆ ಸುಧಾರಿಸಿತು ಅನ್ನಿಸುತ್ತದೆ. ನಾಯಿ ಆದಷ್ಟು ನೋವು ತೋರಿಸದ ಪ್ರಾಣಿ. ಗೋಡೆ ಮೇಲಿನ ಗೆರೆ ಮಾತ್ರ ನಮ್ಮ ಆಸೆಗೆ ತಕ್ಕಂತೆ ಬದಲಾಗುವುದಿಲ್ಲ.

ಮನೆಯಲ್ಲಿ ಆದ ಮಾತು

2024ರ ಫೆಬ್ರುವರಿಯಲ್ಲಿ ಒಂದು ವಾರ ಐದು ಇದ್ದಲ ಗೆರೆ ಬಿದ್ದವು. ಆದರೂ ಸುಲಭವಾಗಲಿಲ್ಲ. ನಾವು ಮೈಲಾರಲಿಂಗನ ಒಕ್ಕಲು. ಮೈಲಾರನ ಗೊರವರು ನಾಯಿಯ ಹಾಗೆ ಬೊಗಳಿ ದೋಣಿ ಸೇವೆ ಮಾಡುವುದನ್ನು ನೋಡಿ ಬೆಳೆದವರು. ನಾಯಿ ಜೀವ ತೆಗೆಸುವುದು ಅಂದರೆ ದೇವರಿಗೇ ಎರಡು ಬಗೆದ ಹಾಗೆ ಅಂತ ಅವ್ವನ ಮಾತು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, ನಾನು ಬರೋವರೆಗೂ ಏನೂ ಮಾಡಬೇಡಪ್ಪ ಅಂದ. ನಮ್ಮನೆಯಾಕೆ ಏನೂ ಹೇಳಲಿಲ್ಲ, ಗಂಜಿ ಬಟ್ಟಲು ತೊಳೆದು ತೊಳೆದು ಇಡುತ್ತಿದ್ದಳು.

ನಾನು ಅವ್ವನಿಗೆ ಗೋಡೆ ತೋರಿಸಿದೆ. ಅವಳು ಗೆರೆ ಎಣಿಸಲಿಲ್ಲ. ಕೆಂಚನ ಹತ್ತಿರ ಕೂತು ಮೈ ಸವರಿದಳು. ಆಮೇಲೆ ಹೇಳಿದಳು, "ಮೊದ್ಲು ನಾನು ಬಂದ್ರೆ ಬಾಲ ಬಡೀತಿತ್ತು. ಈಗ ಮುಟ್ಟಿದ್ರೆ ನಡುಗ್ತೈತೆ. ಇದನ್ನ ಇಟ್ಕೊಂಡಿರಾದೂ ಪಾಪಾನೇ ಕಣಪ್ಪ. ಡಾಕ್ಟರ್ನ ಕರಿ." ಮಗ ಆ ಭಾನುವಾರ ಬಂದ. ಸೋಮವಾರ ಬೆಳಿಗ್ಗೆಗೆ ಗೊತ್ತು ಮಾಡಿದೆವು.

ಇದರಲ್ಲಿ ಪಾಪ ಪುಣ್ಯದ ಮಾತು ಅವರವರ ಮನೆಗೆ ಬಿಟ್ಟದ್ದು. ನನಗೆ ಕಂಡದ್ದು ಇಷ್ಟು. ನಮಗೆ ನೋಡಲಿಕ್ಕೆ ಆಗುವುದಿಲ್ಲ ಅಂತ ಬೇಗ ಕಳಿಸುವುದೂ ತಪ್ಪು, ನಮಗೆ ಬಿಡಲಿಕ್ಕೆ ಆಗುವುದಿಲ್ಲ ಅಂತ ಇಟ್ಟುಕೊಳ್ಳುವುದೂ ತಪ್ಪು. ಎರಡರಲ್ಲೂ ನಾಯಿಯ ಲೆಕ್ಕ ಇಲ್ಲ, ನಮ್ಮ ಲೆಕ್ಕವೇ ಇದೆ.

ವೈದ್ಯರು ಮಾಡುವುದು ಏನು

ತಿಳಿಯದವರಿಗೆ ಇದರ ಬಗ್ಗೆ ಭಯ ಇರುತ್ತದೆ. ಮೊದಲು ಮಾಂಸಖಂಡಕ್ಕೆ ಒಂದು ಚುಚ್ಚುಮದ್ದು. ಹತ್ತು ಹದಿನೈದು ನಿಮಿಷದಲ್ಲಿ ನಾಯಿಗೆ ಜೋಂಪು ಹತ್ತಿ ಮಲಗುತ್ತದೆ. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಎಚ್ಚರ ಪೂರ್ತಿ ತಪ್ಪಿ, ಉಸಿರು ನಿಂತು, ಕೆಲವು ನಿಮಿಷದಲ್ಲಿ ಎದೆಬಡಿತ ನಿಲ್ಲುತ್ತದೆ. ಆಪರೇಷನ್ನಿಗೆ ಕೊಡುವ ಅರಿವಳಿಕೆಯ ಜಾತಿಯದೇ ಔಷಧಿ ಇದು, ಪ್ರಮಾಣ ಮಾತ್ರ ಬೇರೆ.

ಕಣ್ಣು ತೆರೆದೇ ಇರಬಹುದು. ಒಂದೆರಡು ಸಲ ಬಾಯಿ ತೆರೆದು ಉಸಿರೆಳೆದ ಹಾಗೆ ಆಗಬಹುದು, ಉಚ್ಚೆ ಹೋಗಬಹುದು. ಅದು ನೋವಲ್ಲ, ಅಷ್ಟೊತ್ತಿಗೆ ಪ್ರಜ್ಞೆ ಇರುವುದಿಲ್ಲ. ಮೊದಲೇ ತಿಳಿದಿದ್ದರೆ ಗಾಬರಿ ಆಗುವುದಿಲ್ಲ. ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಕಣ್ಣು ಮುಟ್ಟಿ ನೋಡಿ ಖಚಿತ ಮಾಡುವವರೆಗೆ ಎತ್ತಬಾರದು. ಬೀದಿ ನಾಯಿಗಳ ಬಗ್ಗೆ 2001ರಲ್ಲಿ ಬಂದ ಸರ್ಕಾರಿ ನಿಯಮದಲ್ಲೂ ಇದು ಇತ್ತು, ಒಂದು ನಾಯಿಯ ಎದುರಿಗೆ ಇನ್ನೊಂದಕ್ಕೆ ಹೀಗೆ ಮಾಡಬಾರದು ಅಂತಲೂ ಇತ್ತು. ನಮ್ಮ ಎರಡನೇ ನಾಯಿಯನ್ನು ಆ ಹೊತ್ತು ತೊಗರಿ ಹೊಲದ ಆಚೆಗೆ ಕರೆದುಕೊಂಡು ಹೋಗಿದ್ದರು.

ಆದರೆ ಮನೆಯಲ್ಲೇ, ಅದು ಮಲಗುವ ಜಾಗದಲ್ಲೇ ಮಾಡಿಸಿ. ಗಾಡಿ, ಆಸ್ಪತ್ರೆ, ಹೊಸಬರ ಕೈ ಅಂತ ಕೊನೆಯ ಹೊತ್ತಿನಲ್ಲಿ ಅಂಜಿಸಬೇಡಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲೇ ಮಾತಾಡಿ ಸಮಯ ಗೊತ್ತು ಮಾಡಿಕೊಳ್ಳಿ. ಜಾನುವಾರು ಚಿಕಿತ್ಸೆಯ ಸಂಚಾರಿ ವಾಹನಕ್ಕೆ 1962ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಪರಿಚಯದ ದನಿ ಕಿವಿಗೆ ಬೀಳುತ್ತಿರಲಿ. ಕೆಂಚನ ತಲೆ ಅವ್ವನ ತೊಡೆ ಮೇಲೆ ಇತ್ತು.

ಹೂಳುವುದು

ಔಷಧಿ ಮೈಯಲ್ಲೇ ಉಳಿದಿರುತ್ತದೆ. ಹೊರಗೆ ಬಿಸಾಡಿದರೆ ತಿಂದ ಹದ್ದು, ನರಿ, ಬೇರೆ ನಾಯಿ ಕೂಡ ಸಾಯಬಹುದು. ಹಳ್ಳಕ್ಕೆ ಎಸೆಯುವ ಪದ್ಧತಿ ಬಿಡಬೇಕು. ಬಾವಿ, ಬೋರ್‌ವೆಲ್, ಹಳ್ಳದಿಂದ ದೂರ, ನೀರು ನಿಲ್ಲದ ಕಡೆ ಎದೆಮಟ್ಟದ ಗುಂಡಿ ತೆಗೆಯಿರಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆ ಬಟ್ಟೆ ಸಾಕು. ಮಣ್ಣು ತುಳಿದು, ಮೇಲೆ ಕಲ್ಲು ಹೇರಿ, ಜಾಲಿ ಮುಳ್ಳು ಹೊದಿಸಿದರೆ ಯಾವುದೂ ಕೆದರುವುದಿಲ್ಲ. ನಮ್ಮ ನೆಲ ಗಟ್ಟಿ, ಬೇಸಿಗೆಯಲ್ಲಿ ಗುಂಡಿ ತೆಗೆಯಲು ಅರ್ಧ ದಿನ ಬೇಕು. ಹಿಂದಿನ ದಿನವೇ ತೆಗೆದಿಟ್ಟರೆ ಒಳ್ಳೆಯದು.

ಇವನ್ನು ಮಾಡಬೇಡಿ

ಬೆಳೆ ಔಷಧಿ ಹಾಕಿದ ಅನ್ನ ತಿಂದ ನಾಯಿ ಜೊಲ್ಲು ಸುರಿಸಿ, ಸೆಟೆದು, ಒದ್ದಾಡಿ ಸಾಯುತ್ತದೆ. ಉಳಿದ ಅನ್ನಕ್ಕೆ ಕಾಗೆ, ಕೋಳಿ, ಪಕ್ಕದವರ ನಾಯಿ ಬಲಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಸಾಕಿದ ಪ್ರಾಣಿಯನ್ನು ಕ್ರೂರವಾಗಿ ಕೊಲ್ಲುವುದೂ ಅಪರಾಧ, ಹಸಿವು ನೀರಡಿಕೆಗೆ ಸಿಕ್ಕಿ ನರಳುವಂತೆ ಬಿಟ್ಟು ಬರುವುದೂ ಅಪರಾಧ.

ಮಂಡಿ ನೋವಿಗೆ ನಾವು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನಾಯಿಗೆ ಹಾಕಬೇಡಿ. ಹೊಟ್ಟೆ ಹುಣ್ಣಾಗಿ ರಕ್ತ ಹೋಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನಾಯಿಗೆ ಆಗುವ ನೋವಿನ ಔಷಧಿ ಬೇರೆ ಇದೆ, ತೂಕ ನೋಡಿ ವೈದ್ಯರು ಕೊಡುತ್ತಾರೆ.

ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತಾ, ನುಂಗಲು ಆಗದೆ ನಿಂತ ನಾಯಿಯನ್ನು ಕಂಡರೆ ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಹುಚ್ಚು ನಾಯಿ ರೋಗದಲ್ಲೂ ಹೀಗೇ ಕಾಣುತ್ತದೆ. ಕಚ್ಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ. ಅಂಥ ನಾಯಿಯನ್ನು ತೊಡೆ ಮೇಲೆ ಮಲಗಿಸಿಕೊಳ್ಳುವ ಮಾತೇ ಇಲ್ಲ. ದೂರದಿಂದಲೇ ವೈದ್ಯರಿಗೆ ತಿಳಿಸಿ.

ಮುಂದಿನ ನಾಯಿ

ಹಳೆಯದು ಹೋದ ಮೇಲೆ ಮರಿ ತಂದರೆ ಕಲಿಸುವವರು ಇರುವುದಿಲ್ಲ. ಕೆಂಚನಿಗೆ ಹತ್ತು ವರ್ಷ ಆದಾಗಲೇ ನಾವು ಒಂದು ಮರಿ ತಂದಿದ್ದೆವು. ಯಾವ ಸದ್ದಿಗೆ ಏಳಬೇಕು, ಯಾವ ಸದ್ದಿಗೆ ಸುಮ್ಮನಿರಬೇಕು, ಕುರಿಯ ಹತ್ತಿರ ಹೇಗೆ ಇರಬೇಕು ಅನ್ನುವುದನ್ನು ಅದು ಕೆಂಚನನ್ನು ನೋಡಿಯೇ ಕಲಿತದ್ದು, ನಾವು ಹೇಳಿಕೊಟ್ಟದ್ದು ಕಡಿಮೆ. ಹಾಗಾಗಿ ನಿಮ್ಮ ನಾಯಿಗೆ ಎಂಟು ಹತ್ತು ವರ್ಷ ಆಗಿದ್ದರೆ ಈ ವರ್ಷವೇ ಮರಿ ನೋಡಿ. ಮೂರು ತಿಂಗಳಿಗೆ ಹುಚ್ಚು ರೋಗದ ಲಸಿಕೆ ಹಾಕಿಸಿ, ಆಮೇಲೆ ವರ್ಷ ವರ್ಷವೂ ತಪ್ಪಿಸಬೇಡಿ. ಹಳೆಯದಕ್ಕೆ ಕೆಲಸ ಕಡಿಮೆ ಆಗುತ್ತದೆ, ಹೊಲವೂ ಬೋಳಾಗುವುದಿಲ್ಲ. ಮುದಿಯಾದದ್ದು ಕೊನೆಯ ದಿನಗಳನ್ನು ನೆರಳಲ್ಲಿ ಮಲಗಿ ಕಳೆಯಬಹುದು.