ಮೂತಿ ಎತ್ತಿದ ಬಂಡಿ, ದಿಕ್ಕು ತಪ್ಪುವ ಚಕ್ರ

ಗುಬ್ಬಿ ತಾಲ್ಲೂಕಿನ ಕಡಬ ಸೀಮೆಯಲ್ಲಿ ತೆಂಗಿನಕಾಯಿ, ಅಡಿಕೆ ಹೊರುವ ಬಂಡಿಗಳು ಎರಡು ಬಗೆಯ ಹಾದಿಗಳಿಗೆ ಒಗ್ಗಬೇಕಾಗುತ್ತದೆ. ಶಿಂಷಾ ನದಿಗೆ ಕಟ್ಟಿದ ಕೆರೆಯ ಆಸುಪಾಸಿನ ತೋಟದ ದಾರಿಗೆ ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರ ಬೇಕು, ತುಮಕೂರಿನ ಹೆದ್ದಾರಿಗೆ ಅಲುಗದೆ ನೇರವಾಗಿ ಓಡುವ ಚಕ್ರ ಬೇಕು. ಮುಂಭಾಗವನ್ನು ಎತ್ತರಿಸಿದರೆ ಮೊದಲನೆಯದು ಕೈಗೂಡುತ್ತದೆ, ಆದರೆ ಎರಡನೆಯದಕ್ಕೆ ಎಷ್ಟು ಧಕ್ಕೆ ಬರುತ್ತದೆ ಎಂಬುದು ಬಂಡಿಯ ಅಡಿಯಲ್ಲಿರುವ ಜೋಡಣೆಯನ್ನು ಅವಲಂಬಿಸಿದೆ.

ವೀಲ್ ಅಲೈನ್‌ಮೆಂಟ್ ಎಂಬುದು ಮುಖ್ಯವಾಗಿ ಮೂರು ಕೋನಗಳ ಲೆಕ್ಕ. ಎದುರಿನಿಂದ ನೋಡಿದಾಗ ಚಕ್ರವು ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಬದಿ ಪರಸ್ಪರ ಹತ್ತಿರವಾಗಿಯೋ ದೂರವಾಗಿಯೋ ಇರುವುದು ಟೋ. ಪಕ್ಕದಿಂದ ಕಾಣುವ ಕಾಸ್ಟರ್ ಎಂದರೆ ಚಕ್ರ ತಿರುಗುವ ಅಚ್ಚಿನ ಓರೆ. ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ ಕಾಣುವ ಈ ಓರೆಯಿಂದಲೇ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ.

ಲಾರಿಯ ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹೊತ್ತಿರುವುದರಿಂದ, ಸ್ಪ್ರಿಂಗ್ ಪಟ್ಟೆಗಳನ್ನು ಹೆಚ್ಚಿಸಿ ಚಾಸಿಯನ್ನು ಎತ್ತಿದರೂ ಕ್ಯಾಂಬರ್ ಆಗಲಿ ಟೋ ಆಗಲಿ ಹೆಚ್ಚೇನೂ ಕದಲುವುದಿಲ್ಲ. ಕದಲುವುದು ಕಾಸ್ಟರ್. ಆಕ್ಸಲ್‌ಗಳ ನಡುವೆ 4 ಮೀಟರ್ ಅಂತರವಿರುವ ಲಾರಿಯ ಮೂತಿಯನ್ನು 50 ಮಿ.ಮೀ. ಎತ್ತಿದರೆ ಚಾಸಿ ಸುಮಾರು 0.7 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಹಿಂದೆ ಕಾಯಿ ತುಂಬಿದಾಗ ಆ ವಾಲು ಇನ್ನಷ್ಟು ಬೆಳೆದು ಸ್ಟೇರಿಂಗ್ ಭಾರವಾಗುತ್ತದೆ. ಸ್ಟೇರಿಂಗ್ ಪೆಟ್ಟಿಗೆಯಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ಸರಳು ಕಡಿದಾಗಿ ಇಳಿಜಾರಾಗುವುದರಿಂದ, ಹಳ್ಳಕ್ಕೆ ಬಿದ್ದಾಗ ಚಾಲಕ ತಿರುಗಿಸದಿದ್ದರೂ ಬಂಡಿ ಪಕ್ಕಕ್ಕೆ ಎಳೆಯಬಹುದು. ಕಾಸ್ಟರ್ ತಿದ್ದಲು ಪಟ್ಟೆ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ತಗಡು ಇಡುವುದು ಹಳೆಯ, ಮತ್ತು ಒಪ್ಪಬಹುದಾದ, ಉಪಾಯ.

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್‌ನಂಥ ಪಿಕಪ್‌ಗಳ ಕಥೆ ಬೇರೆ. ಅಲ್ಲಿ ಪ್ರತಿ ಮುಂಚಕ್ರವೂ ಮೇಲೊಂದು ಕೆಳಗೊಂದು ತೋಳಿಗೆ ಸ್ವತಂತ್ರವಾಗಿ ನೇತಾಡುತ್ತದೆ. ಸ್ಪ್ರಿಂಗಿನ ನೆತ್ತಿಗೆ ಒಂದು ಇಂಚಿನ ಬಿಲ್ಲೆ ಇಟ್ಟರೆ ಮೂತಿ ಅದಕ್ಕಿಂತ ಹೆಚ್ಚು, ಕೆಲವೊಮ್ಮೆ ಎರಡು ಇಂಚಿನವರೆಗೂ, ಏಳುತ್ತದೆ. ತೋಳುಗಳ ಉದ್ದ ಒಂದೇ ಅಲ್ಲದ್ದರಿಂದ ಅವು ಕೆಳಕ್ಕೆ ಬಾಗಿದಂತೆ ಮೂರೂ ಕೋನಗಳು ಒಟ್ಟಿಗೇ ತಪ್ಪುತ್ತವೆ, ಸಾಮಾನ್ಯವಾಗಿ ಕಾಸ್ಟರ್ ಕುಗ್ಗಿ ಹೆದ್ದಾರಿಯಲ್ಲಿ ಬಂಡಿ ಅಲೆದಾಡತೊಡಗುತ್ತದೆ. ಬೋಲ್ಟುಗಳಲ್ಲಿರುವ ತಿದ್ದುಪಡಿಯ ಅವಕಾಶ ಮುಗಿದರೆ ಮೇಲಿನ ತೋಳನ್ನೇ ಬದಲಿಸದೆ ಗತ್ಯಂತರವಿಲ್ಲ. ಬಿಲ್ಲೆ ಮಾರುವವರು ಈ ಖರ್ಚನ್ನು ಮೊದಲೇ ಹೇಳುವುದು ಅಪರೂಪ. ನೋಂದಣಿ ಪತ್ರದ ವಿವರಗಳಿಗೆ ಹೊಂದದಂಥ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದೂ ಇಲ್ಲಿ ಗಮನಾರ್ಹ.

ಟೋ ತಪ್ಪಿದ ಸುಳಿವು ಮೊದಲು ಸಿಗುವುದು ಟೈರಿನಲ್ಲಿ. ಚಕ್ರ ಅರ್ಧ ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ, ಅಂದರೆ ತುಮಕೂರಿನಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ರಬ್ಬರು 600 ಮೀಟರ್‌ನಷ್ಟು ಅಡ್ಡಡ್ಡ ತೇಯ್ದಿರುತ್ತದೆ. ಅಂಥ ಟೈರಿನ ಮೇಲೆ ಅಂಗೈಯನ್ನು ಒಂದು ಕಡೆಗೆ ಸವರಿದರೆ ನುಣುಪು, ಅದೇ ಅಂಗೈಯನ್ನು ಹಿಂದಕ್ಕೆಳೆದರೆ ಗರಗಸದ ಹಲ್ಲು.