ಸಗರನಾಡಿನಲ್ಲಿ ಸಕುಟುಂಬ ಸಂಚಾರ

ಮೃಗ, ಮಾರ್ಗ, ಮೃಗಯಾ ಎಂಬ ಮೂರು ಶಬ್ದಗಳು ಸಂಸ್ಕೃತದಲ್ಲಿ ಒಂದೇ ಮನೆತನದವು. ಅರಸುವುದು ಎಂಬರ್ಥದ ಧಾತುವಿನಿಂದ ಅವು ಹುಟ್ಟಿದವೆಂದು ವೈಯಾಕರಣರು ಹೇಳುವರು. ಅರಸಲ್ಪಡುವುದು ಮೃಗ, ಅರಸುತ್ತ ನಡೆಯುವ ದಾರಿ ಮಾರ್ಗ, ಅರಸಿ ಕೊಲ್ಲುವುದು ಮೃಗಯೆ, ಎಂದರೆ ಬೇಟೆ. ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿತು. ಅರಸುವ ಆಸೆ ಮಾತ್ರ ಮನುಷ್ಯನನ್ನು ಬಿಟ್ಟಿಲ್ಲ. ರಜೆ ಬಂದಿತೆಂದರೆ ಗೃಹಸ್ಥರು ಮಕ್ಕಳನ್ನು ಕರೆದುಕೊಂಡು ಬಂಡೀಪುರಕ್ಕೋ, ನಾಗರಹೊಳೆಗೋ, 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಗಿರಿಗಳಿಗೋ ಹೊರಡುವರು. ಹೋಗುವುದು ಒಳ್ಳೆಯದೇ. ಆದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿರುವ ನಮಗೆ ಆ ಕಾಡುಗಳು ಬಹು ದೂರ. ಅಲ್ಲಿಗೆ ಹೋಗುವ ಮುನ್ನ ಕಲಿಯತಕ್ಕ ಪಾಠವೊಂದನ್ನು ನಮ್ಮ ಊರ ಗುಡ್ಡವೇ ಕಲಿಸಬಲ್ಲುದು. ಅದನ್ನು ನಾನು ಅರವತ್ತನೆಯ ವಯಸ್ಸಿನಲ್ಲಿ, ಅದೂ ಮನೆಯಾಕೆಯಿಂದ ಕಲಿತೆನು.

ಶಹಾಪುರದ ಬೆಟ್ಟದ ಸಾಲನ್ನು ದೂರದಿಂದ ನೋಡಿದರೆ ಬುದ್ಧನು ಅಂಗಾತನಾಗಿ ಮಲಗಿದಂತೆ ಕಾಣುವುದು. ಇದು ಶಿಲ್ಪಿಯು ಕಡೆದುದಲ್ಲ. ಬಿಸಿಲು ಮಳೆಗಳಿಗೆ ಸಿಕ್ಕಿದ ಗ್ರಾನೈಟ್ ಬಂಡೆಯು ಬಿರುಕುಬಿಟ್ಟು, ಬಿರುಕಿನ ಅಂಚುಗಳು ಸವೆದು ದುಂಡಗಾಗಿ, ಯುಗಯುಗಗಳಲ್ಲಿ ಆದ ರೂಪವಿದು. ಕಳೆದ ಶ್ರಾವಣದ ಒಂದು ಸೋಮವಾರ ನಾನು, ನನ್ನ ಮಗ, ಹತ್ತು ವರ್ಷದ ಮೊಮ್ಮಗ, ಆರು ವರ್ಷದ ಮೊಮ್ಮಗಳು ಬೆಟ್ಟದ ಸಂಚಾರಕ್ಕೆ ಸಿದ್ಧರಾದೆವು. ಮೂವತ್ತು ವರ್ಷಗಳಿಂದ ನಾವು ಹೊರಟಾಗಲೆಲ್ಲ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಕಳುಹಿಸುತ್ತಿದ್ದ ಮನೆಯಾಕೆಯನ್ನು ಆ ದಿನ ಮೊಮ್ಮಗಳು ಬಿಡಲೊಲ್ಲದೆ ಎಳೆದುಕೊಂಡು ಬಂದಳು.

ನಾವು ಗಂಡಸರು ಮುಂದೆ ಮುಂದೆ ನಡೆದೆವು. ಮೊಮ್ಮಗನು ಕೂಗುತ್ತ, ಕಲ್ಲುರುಳಿಸುತ್ತ ಓಡಿದನು. ಮೊಣಕಾಲ ನೋವಿನ ಆಕೆಯು ಅರ್ಧ ದಾರಿಯಲ್ಲಿ ಒಂದು ಬಂಡೆಯ ನೆರಳಿನಲ್ಲಿ ಮೊಮ್ಮಗಳೊಡನೆ ಕುಳಿತುಬಿಟ್ಟಳು. ನಾವು ನೆತ್ತಿಗೆ ಹೋಗಿ, ಬೆವರು ಒರೆಸಿಕೊಂಡು, ಸುತ್ತಲಿನ ಹೊಲಗಳನ್ನು ನೋಡಿ ಇಳಿದು ಬಂದೆವು.

"ಆಯಿ, ಗುಡ್ಡದ ಮ್ಯಾಲ ಒಂದು ಪ್ರಾಣೀನೂ ಇಲ್ಲ," ಎಂದನು ಮೊಮ್ಮಗ.

"ಇಲ್ಲೇನು ಕಮ್ಮಿ ಅದಾವ?" ಎಂದಳು ಆಕೆ. ಮೊಮ್ಮಗಳು ಬೆರಳು ಮಡಿಸುತ್ತ ಎಣಿಸತೊಡಗಿದಳು: ಕೆಂಪು ತಲೆಯ ಓತಿಯೊಂದು ಬಂಡೆಯ ಮೇಲೆ ದಂಡ ಹೊಡೆಯುತ್ತಿದ್ದಿತು, ಮುಂಗುಸಿಯು ಎರಡು ಮರಿಗಳೊಡನೆ ಹಾದುಹೋಯಿತು, ಗೌಜಲ ಹಕ್ಕಿಗಳು ಹುಲ್ಲಿನಲ್ಲಿ ಕೆದಕುತ್ತಿದ್ದವು, ನವಿಲು ಕೂಗಿತು, ಆಮೇಲೆ ಬಂಡೆಯ ಸಂದಿನಿಂದ ಕಾಣಿಸಿತು. ನಾವು ಮೂವರೂ ಅದೇ ದಾರಿಯಲ್ಲಿ ನಡೆದವರು, ಒಂದನ್ನೂ ಕಾಣಲಿಲ್ಲ.

ಕಾರಣವನ್ನು ವಿಚಾರಿಸಿದರೆ ಆಶ್ಚರ್ಯವೇನಿಲ್ಲ. ಕಾಡುಪ್ರಾಣಿಗಳಲ್ಲಿ ಬಹುಪಾಲು ಆಕಾರಕ್ಕಿಂತ ಚಲನೆಯನ್ನು ಬೇಗ ಗುರುತಿಸುವುವು. ಹೆಜ್ಜೆಯ ಸಪ್ಪಳವು ನೆಲದ ಮೂಲಕವೂ ಅವುಗಳನ್ನು ಮುಟ್ಟುವುದು. ಪ್ರತಿಯೊಂದು ಪ್ರಾಣಿಗೂ ಮನುಷ್ಯನು ಇಷ್ಟು ಸಮೀಪ ಬಂದರೆ ಓಡಬೇಕೆಂಬ ಒಂದು ಎಲ್ಲೆಯುಂಟು. ಅವಸರದಿಂದ ನಡೆಯುವವನು ಆ ಎಲ್ಲೆಯನ್ನು ದಾಟುವುದಕ್ಕೆ ಮೊದಲೇ ಅವು ಸಂದುಗಳಲ್ಲಿ ಅಡಗುವುವು. ನಮ್ಮ ಗುಡ್ಡಗಳಲ್ಲಿ ಅಡಗುದಾಣಗಳಿಗೆ ಕೊರತೆಯೇ? ಹೊರಗೆ ಬಂಡೆಯು ಕಾದ ಹೆಂಚಿನಂತಿದ್ದರೂ ಸಂದಿನೊಳಗೆ ತಂಪು ಉಳಿದಿರುವುದು. ಅಲ್ಲಿಯೇ ಹಲ್ಲಿ, ಉಡ, ಬಾವಲಿ, ಗೂಬೆಗಳ ಸಂಸಾರ. ಅಲುಗದೆ ಕುಳಿತವರ ಎದುರಿಗೆ ಮಾತ್ರ ಅವು ಸ್ವಲ್ಪ ಹೊತ್ತಿನ ಮೇಲೆ ಹೊರಬರುವುವು. ಆ ಕೆಂಪು ತಲೆಯ ಓತಿಯು ಗಂಡು. ಸಂತಾನಕಾಲದಲ್ಲಿ ಅದಕ್ಕೆ ಆ ಬಣ್ಣವೇರುವುದು. ದಂಡ ಹೊಡೆಯುವುದು ಇತರ ಗಂಡುಗಳಿಗೆ "ಈ ಬಂಡೆ ನನ್ನದು" ಎಂಬ ಎಚ್ಚರಿಕೆ.

ಆ ದಿನವೇ ನಮ್ಮ ಮನೆಯಲ್ಲಿ ಒಂದು ನಿಯಮವಾಯಿತು: ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ನಡೆಯತಕ್ಕದ್ದು, ಉಳಿದವರು ಅವರ ಹಿಂದೆ.

ಈ ನಿಯಮದ ಪರೀಕ್ಷೆಯು ಬೋನಾಳದ ಕೆರೆಯಲ್ಲಿ ನಡೆಯಿತು. ಎಳ್ಳಮಾವಾಸ್ಯೆಯಂದು ನಮ್ಮ ಕಡೆಯ ರೈತರು ಸಕುಟುಂಬವಾಗಿ ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಗಳನ್ನು ಉಣ್ಣುವುದು ಪೂರ್ವಕಾಲದ ಪದ್ಧತಿ. ಅದರ ಮರುದಿನ ಉಳಿದ ರೊಟ್ಟಿಯ ಬುತ್ತಿಯೊಡನೆ ನಾವು ಸುರಪುರದ ಸಮೀಪದ ಆ ಕೆರೆಗೆ ಹೊರಟೆವು. ಸುರಪುರದ ನಾಯಕರ ಕಾಲದ ಕೆರೆಯಿದು. 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಇದನ್ನು ಸುಧಾರಿಸಿದನು. 1877ರಲ್ಲಿ ಪ್ರಕಟವಾದ ಅವನ ಆತ್ಮಚರಿತ್ರೆಯಲ್ಲಿ ಇದರ ಪ್ರಸ್ತಾಪವಿದೆ. ಇಂದು ಇದು ಪಕ್ಷಿಧಾಮ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬರುವುವು.

ಈ ಹೆಬ್ಬಾತುಗಳ ಮರಿಮಾಡುವ ನೆಲ ಟಿಬೆಟ್, ಲಡಾಖ್, ಮಂಗೋಲಿಯಾ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು; ಅದೇ ಗುರುತು. ಹಿಮಾಲಯವನ್ನು ದಾಟುವಾಗ ಅವು 7,000 ಮೀಟರುಗಳಿಗೂ ಮೇಲೆ ಹಾರಿದುದನ್ನು ವಿಜ್ಞಾನಿಗಳು ಯಂತ್ರಗಳಿಂದ ಅಳೆದಿದ್ದಾರೆ. ಸಂಸ್ಕೃತಕಾವ್ಯದ ಹಂಸವು ಈ ಹಕ್ಕಿಯೇ ಎಂದು ಹೇಳುವ ವಿದ್ವಾಂಸರುಂಟು. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ಕೈಲಾಸದವರೆಗೆ ಮೇಘನ ಸಹಪ್ರಯಾಣಿಕರಾಗುವುವಷ್ಟೆ. ಅದನ್ನು ನಾನು ತರಗತಿಯಲ್ಲಿ ಎಷ್ಟು ವರ್ಷ ವಿವರಿಸಿದೆನೋ! ಹಂಸವನ್ನು ನೋಡಿದ್ದೀರಾ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಮಾಲಯವನ್ನು ದಾಟಿಬಂದ ಹಕ್ಕಿಗಳು ನಮ್ಮ ಊರ ಕೆರೆಗೇ ಬರುತ್ತಿದ್ದರೂ ನಾನು ಹೋಗಿ ನೋಡಿರಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಅವು ನೀರಿನಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತು ವಿಶ್ರಮಿಸುತ್ತಿದ್ದವು. ಜೊಂಡಿನ ನಡುವೆ ನೇರಳೆ ಜಂಬುಕೋಳಿಗಳು ಬಾಲ ಕುಣಿಸುತ್ತ ತಿರುಗುತ್ತಿದ್ದವು. ಮೊಮ್ಮಗನು ಮೊಬೈಲನ್ನು ಹಿಡಿದು, "ಮುತ್ಯಾ, ಚಪ್ಪಾಳೆ ಹೊಡಿ, ಹಾರ್ತಾವ, ಫೋಟೋ ತೆಗಿತೀನಿ," ಎಂದನು. ನನ್ನ ಕೈಗಳೆರಡೂ ಎದ್ದುವು. ಹಿಂದೊಮ್ಮೆ ಶಾಲೆಯ ಹುಡುಗರನ್ನು ಕೆರೆಯೊಂದಕ್ಕೆ ಕರೆದುಕೊಂಡು ಹೋಗಿದ್ದಾಗ, ಹಕ್ಕಿಗಳು ಹಾರುವ ಅಂದವನ್ನು ತೋರಿಸಲೆಂದು ನಾನೇ ಕಲ್ಲೆಸೆಯಿಸಿದ್ದೆನು. ಮಕ್ಕಳು ನಕ್ಕರು, ಹಕ್ಕಿಗಳು ಹೋದುವು, ಸಂಜೆಯವರೆಗೆ ಮರಳಲಿಲ್ಲ. ಅಂದು ನಾನು ಕಲಿಸಿದುದು ಪ್ರಕೃತಿಪಾಠವೆಂದೇ ಭಾವಿಸಿದ್ದೆನು.

ಮೊಮ್ಮಗಳು ನನ್ನ ಕೈಯನ್ನು ಹಿಡಿದಳು. "ಆಯಿ ಸುಮ್ಮ ಕೂಡು ಅಂದಾಳ."

ಸುಮ್ಮನೆ ಕುಳಿತೆವು. ಬುತ್ತಿ ಬಿಚ್ಚಿ ಉಂಡೆವು. ಮೊಮ್ಮಗನು ಮೊದಲು ಮುನಿಸಿಕೊಂಡು, ಬಳಿಕ ದುರ್ಬೀನಿನಲ್ಲಿ ಪಟ್ಟೆಗಳನ್ನು ಎಣಿಸುವುದರಲ್ಲಿ ಮೈಮರೆತನು. ಸೂರ್ಯನು ಇಳಿದಾಗ ಹೆಬ್ಬಾತುಗಳಲ್ಲಿ ಒಂದು ಕೂಗಿತು, ಮತ್ತೊಂದು ಉತ್ತರ ಕೊಟ್ಟಿತು. ಹಗಲು ವಿಶ್ರಮಿಸಿ, ಕತ್ತಲಾದ ಮೇಲೆ ಹೊಲಗಳಲ್ಲಿ ಮೇಯುವುದು ಅವುಗಳ ರೂಢಿ. ಗುಂಪಿಗೆ ಗುಂಪೇ ಎದ್ದು, ಸಾಲುಗೊಂಡು, ನಮ್ಮ ತಲೆಯ ಮೇಲಿನಿಂದಲೇ ಹಾರಿಹೋಯಿತು. ರೆಕ್ಕೆಯ ಗಾಳಿಯ ಸಪ್ಪಳವೂ ಕೇಳಿಸಿತು. ಮೊಮ್ಮಗನು ಫೋಟೋ ತೆಗೆಯುವುದನ್ನೇ ಮರೆತಿದ್ದನು. ಮನೆಯಾಕೆಯು ಸೆರಗನ್ನು ತಲೆಗೆ ಹಿಡಿದು, ಅವು ಕಣ್ಮರೆಯಾಗುವವರೆಗೆ ನೋಡಿದಳು.

ಸಕುಟುಂಬ ಹೊರಡುವ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ಬಿಸಿಲೇರುವ ಮೊದಲೇ ಹೊರಡಿರಿ, ನೀರು ಸಾಕಷ್ಟಿರಲಿ. ಮಣ್ಣಿನ ಬಣ್ಣದ ಬಟ್ಟೆ ಮೇಲು. ಬಂಡೆಯ ಸಂದಿನಲ್ಲಿ ಕೈ ಹಾಕಬೇಡಿರಿ, ಹಾವು ಚೇಳುಗಳ ಮನೆಯದು. ಜೇನುಗೂಡಿನ ಬಳಿ ಹೊಗೆಯೂ ಗದ್ದಲವೂ ಕೂಡದು. ಬುತ್ತಿಯ ಕಾಗದ, ಪ್ಲಾಸ್ಟಿಕ್ ಚೀಲಗಳು ನಿಮ್ಮೊಡನೆಯೇ ಮನೆಗೆ ಮರಳಲಿ. ಮುದುಕರನ್ನೂ ಕೂಸುಗಳನ್ನೂ ಹಿಂದೆ ಬಿಡಬೇಡಿರಿ. ಅವರ ನಡೆಯೇ ಕಾಡಿಗೆ ಒಪ್ಪುವ ನಡೆ. ದೊಡ್ಡ ಅರಣ್ಯಗಳಿಗೆ ಹೋದಾಗಲೂ ಇದೇ ನಿಯಮವು ಸಲ್ಲುವುದು.

ಕುದುರೆಮುಖಕ್ಕೆ ಹೋಗಬೇಕೆಂದು ಮೊಮ್ಮಗನು ಈಗ ಹಟ ಹಿಡಿದಿದ್ದಾನೆ. ಆಗಲಿ ಎಂದಿದ್ದೇನೆ. ಬುತ್ತಿಯನ್ನು ಈ ಸಲ ನಾನೂ ಮಗನೂ ಹೊರುವೆವು. ಮನೆಯಾಕೆಯು ಮುಂದೆ ನಡೆಯುವಳು.