ಗೇರು ತೋಪಿನ ವಿಷ ಮತ್ತು ಬದುಕುವ ಹಕ್ಕು

ಮೊಂತಿ ಹಬ್ಬದಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಇಗರ್ಜಿಗಳಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಹೊಸ ಊಟ ಮಾಡುತ್ತೇವೆ. ಆ ತೆನೆ ಬೆಳೆದ ನೀರು, ಗಾಳಿ ಶುದ್ಧವಾಗಿರಲಿ ಎಂಬುದು ಬರೀ ಆಸೆಯೇ, ನಮ್ಮ ಹಕ್ಕೇ?

ಬೆಳ್ತಂಗಡಿ ತಾಲೂಕಿನ ಕೊಕ್ಕಡದವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿನ ಗೇರು ತೋಪುಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗಾಳಿಗೆ ಬೇಲಿಯುಂಟೇ? ಅಂಗಳಕ್ಕೂ ಬಾವಿಗೂ ಬಿತ್ತು. ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ನೋಡಿಕೊಳ್ಳುತ್ತಲೇ ಎಷ್ಟೋ ತಾಯಂದಿರಿಗೆ ವಯಸ್ಸಾಯಿತು.

ಸಂವಿಧಾನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಶುದ್ಧ ಗಾಳಿಯ ಹೆಸರಿಲ್ಲ. ಇರುವುದು 21ನೇ ವಿಧಿ, ಅಂದರೆ ಬದುಕುವ ಹಕ್ಕು. ಮಾಲಿನ್ಯವಿಲ್ಲದ ನೀರು, ಗಾಳಿ ಅದರೊಳಗೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆದದ್ದೂ ಇದೇ ವಿಧಿಯನ್ನು ಹಿಡಿದು. ಹಾನಿ ಪೂರ್ತಿ ಸಾಬೀತಾಗುವ ತನಕ ಕಾಯಬೇಕಿಲ್ಲ, ಮುನ್ನೆಚ್ಚರಿಕೆಯೇ ಸಾಕಷ್ಟು ಕಾರಣ ಎಂಬ ತತ್ತ್ವ ಅಲ್ಲಿ ಕೆಲಸ ಮಾಡಿತು. ನನಗೆ ದೊಡ್ಡದಾಗಿ ಕಾಣುವುದು ಇದು. ಪುರಾವೆ ಹೊಂದಿಸುವ ಶಕ್ತಿ ಬಡವರಿಗೆಲ್ಲಿದೆ?

ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶವಾಯಿತು. ನಮ್ಮ ಕಡೆಯವರಿಗೆ ಮಾಸಾಶನ, ಕೊಕ್ಕಡದ ಪಾಲನಾ ಕೇಂದ್ರ ದೊರೆತದ್ದು ಬಹಳ ಹೋರಾಟದ ನಂತರ. ಕೇಂದ್ರ ಸಂಜೆಗೆ ಮುಚ್ಚುತ್ತದೆ. ತಾನು ಹೋದ ಮೇಲೆ ಈ ಮಗುವಿಗೆ ಯಾರು ಎಂಬ ತಾಯಿಯ ಚಿಂತೆ ರಾತ್ರಿಯದು.